ಮಾಡಿದವರು, ಮಾಡಿಸಿದವರು

ಸಾಹಿತ್ಯ ವಿಮರ್ಶೆ ಬರೆಯೋಕೆ ನನಗೆ ಯಾವ ಅಧಿಕಾರವೂ ಇಲ್ಲ. ಓದಿದ್ದು ಹಾಸನದಲ್ಲಿ ಬಿಇ, ಅದೂ ಕಂಪ್ಯೂಟರ್ ಸೈನ್ಸು. ಕನ್ನಡವನ್ನು ಪರೀಕ್ಷೆಗೆ ಅಂತ ಓದಿದ್ದು ಪಿಯುಸಿಗೇ ಕೊನೆ. ಆದರೆ ಒಂದು ಬಗೆಯ ಗದ್ಯವನ್ನು ಮಾತ್ರ ಹತ್ತು ವರ್ಷಕ್ಕೂ ಮೇಲಿನಿಂದ ಓದುತ್ತಿದ್ದೇನೆ, ಬರೆಯುತ್ತಿದ್ದೇನೆ, ಬೇರೆಯವರು ಬರೆದದ್ದನ್ನು ತಿದ್ದುತ್ತಿದ್ದೇನೆ. ಅದರ ಬಗ್ಗೆ ಯಾವ ವಿಮರ್ಶಕರೂ ಬರೆದದ್ದನ್ನು ನಾನು ಕಂಡಿಲ್ಲ. ಅದರ ಹೆಸರು ಆರ್‌ಸಿಎ. ರೂಟ್ ಕಾಸ್ ಅನಾಲಿಸಿಸ್.

ನೀವು ಐಟಿಯವರಾದರೆ ಪರಿಚಯ ಬೇಕಿಲ್ಲ. ಅಲ್ಲದವರಿಗಾಗಿ ಹೇಳ್ತೀನಿ. ಕಂಪನಿಯ ಸಾಫ್ಟ್‌ವೇರ್ ಕೈಕೊಟ್ಟು ಗಿರಾಕಿಗಳಿಗೆ ಆರ್ಡರ್ ಹಾಕಲು ಆಗದೇ ಹೋದರೆ, ದುಡ್ಡು ಎರಡೆರಡು ಸಲ ಕಟ್ ಆದರೆ, ಎಲ್ಲ ಸರಿಹೋದ ಮೇಲೆ ಒಂದು ದಾಖಲೆ ಬರೆದು ಕೊಡಬೇಕು. ಏನಾಯ್ತು, ಎಷ್ಟು ಹೊತ್ತು ಆಯ್ತು, ಯಾಕಾಯ್ತು, ಮತ್ತೆ ಆಗದ ಹಾಗೆ ಏನು ಮಾಡ್ತೀರಿ. ಎರಡು ಪುಟ, ಹೆಚ್ಚೆಂದರೆ ಮೂರು. ಅದನ್ನು ಕ್ಲೈಂಟ್ ಓದುತ್ತಾನೆ, ಕ್ಲೈಂಟಿನ ಬಾಸ್ ಓದುತ್ತಾನೆ, ನಮ್ಮ ಕಡೆಯ ವೈಸ್ ಪ್ರೆಸಿಡೆಂಟ್ ಓದುತ್ತಾರೆ. ನಾವು ಬರೆಯುವ ಯಾವ ಕೋಡನ್ನೂ ಇಷ್ಟು ದೊಡ್ಡ ಜನ ಓದೋದಿಲ್ಲ. ಆ ಎರಡು ಪುಟದಿಂದ ಜನರ ಪ್ರಮೋಷನ್ ನಿಲ್ಲುತ್ತದೆ, ಕೆಲಸ ಹೋಗುತ್ತದೆ. ಹಾಗಾಗಿ ಈ ಗದ್ಯವನ್ನು ಯಾರಾದರೂ ಸ್ವಲ್ಪ ಗಂಭೀರವಾಗಿ ಓದಬೇಕು ಅಂತ ನನ್ನ ವಾದ.

ಮೊದಲು ನನ್ನದೇ ಕೃತಿಯಿಂದ ಶುರು ಮಾಡೋಣ.

2016ರ ಒಂದು ಶುಕ್ರವಾರ ರಾತ್ರಿ. ಕ್ಲೈಂಟ್ ಅಮೆರಿಕದ ಒಂದು ಅಂಗಡಿ ಸರಪಳಿ. ಅವರ ಆರ್ಡರ್ ಟೇಬಲ್ಲಿಗೆ ಒಂದು ಹೊಸ ಇಂಡೆಕ್ಸ್ ಕಟ್ಟಬೇಕಿತ್ತು. ಒಪ್ಪಿಗೆ ಆಗಿದ್ದ ಸಮಯ ಭಾನುವಾರ ನಮ್ಮ ಬೆಳಗ್ಗೆ 11.30. ಅಲ್ಲಿ ರಾತ್ರಿ ಎರಡು ಗಂಟೆ, ಯಾರೂ ಶಾಪಿಂಗ್ ಮಾಡದ ಹೊತ್ತು. ಶುಕ್ರವಾರ ರಾತ್ರಿ ಊಟ ಮಾಡ್ತಿದ್ದಾಗ ಮ್ಯಾನೇಜರ್ ಫೋನ್ ಬಂತು. ಸೋಮವಾರ ಬೆಳಗ್ಗೆ ಡೆಮೋ ಇದೆ, ಭಾನುವಾರ ಏನಾದರೂ ಎಡವಟ್ಟಾದರೆ ಸರಿಮಾಡೋಕೆ ಟೈಮಿರಲ್ಲ, ಈಗಲೇ ಓಡಿಸಿಬಿಡು ಅಂದರು. ಸ್ಟೇಜಿಂಗ್‌ನಲ್ಲಿ ಒಂದು ಸಲ ಓಡಿಸಿ ನೋಡ್ಲಾ ಸರ್ ಅಂದೆ. "ಅಯ್ಯೋ ಎರಡು ನಿಮಿಷದ ಕೆಲಸ ಮಾರಾಯ, ಓಡ್ಸು" ಅಂದರು.

ಓಡಿಸಿದೆ. ನಾನು ಪರೀಕ್ಷೆ ಮಾಡಿದ್ದ ಟೇಬಲ್ಲಿನಲ್ಲಿ 2 ಲಕ್ಷ ಸಾಲುಗಳಿದ್ದವು. ನಿಜವಾದ ಟೇಬಲ್ಲಿನಲ್ಲಿ 4 ಕೋಟಿ. ನಾವು ಬಳಸಿದ ಕಮ್ಯಾಂಡಿನಲ್ಲಿ ಇಂಡೆಕ್ಸ್ ಕಟ್ಟಿ ಮುಗಿಯುವವರೆಗೂ ಟೇಬಲ್ಲಿಗೆ ಬೀಗ. ಓದಬಹುದು, ಹೊಸದಾಗಿ ಬರೆಯೋಕಾಗಲ್ಲ. ಅಂದರೆ ಹೊಸ ಆರ್ಡರ್ ಇಲ್ಲ. ಅಲ್ಲಿ ಮಟಮಟ ಮಧ್ಯಾಹ್ನ. 38 ನಿಮಿಷ ಅಂಗಡಿ ಬಂದ್.

ನನ್ನ ತಪ್ಪು ಇದರಲ್ಲಿ ಇಲ್ಲ ಅಂತ ನಾನು ಹೇಳ್ತಿಲ್ಲ. ಸಾಲು ಎಷ್ಟಿವೆ ಅಂತ ಎಣಿಸೋಕೆ ಒಂದೇ ಸಾಲಿನ ಕ್ವೆರಿ ಸಾಕಿತ್ತು, ಎಣಿಸಲಿಲ್ಲ. ಆಗಲ್ಲ ಸರ್ ಅನ್ನಬಹುದಿತ್ತು, ಅನ್ನಲಿಲ್ಲ. ಇಪ್ಪತ್ತೇಳು ವರ್ಷ, ಊರಲ್ಲಿ ಮನೆ ಕಟ್ಟಿಸಿದ ಸಾಲ, ಎದುರಿಗೆ ಅಮೆರಿಕಕ್ಕೆ ಆನ್‌ಸೈಟ್ ಹೋಗುವ ಅವಕಾಶ. ಇಂಥವನು ಮ್ಯಾನೇಜರಿಗೆ ಆಗಲ್ಲ ಅನ್ನೋದು ಅಪರೂಪ.

ಶನಿವಾರ ಆರ್‌ಸಿಎ ಬರೆಯೋಕೆ ಕೂತವನೂ ನಾನೇ. ಇದು ಈ ಪ್ರಕಾರದ ಮೊದಲ ವಿಶೇಷ ನೋಡಿ. ಆರೋಪಪಟ್ಟಿಯನ್ನು ಆರೋಪಿಯೇ ಬರೆದು, ಅಲೈನ್‌ಮೆಂಟ್ ಸರಿಮಾಡಿ, ಫಾಂಟ್ ಕೂಡ ಒಪ್ಪವಾಗಿ ಹಾಕಿ ಕಳಿಸಬೇಕು. ಆಮೇಲೆ ಮೇಲಿನವರು ಅದನ್ನು 'ರಿವ್ಯೂ' ಮಾಡುತ್ತಾರೆ. ನನ್ನ ಪುಣ್ಯಕ್ಕೆ ಟ್ರ್ಯಾಕ್ ಚೇಂಜಸ್ ಆನ್ ಇತ್ತು. ಹಾಗಾಗಿ ನನ್ನ ಕರಡು, ಅವರ ತಿದ್ದುಪಡಿ ಎರಡೂ ನನ್ನ ಕಣ್ಣೆದುರಿಗೆ ಇದ್ದವು. ಹಳೇ ತಾಳೆಗರಿ ಇಟ್ಟುಕೊಂಡು ಪಾಠಾಂತರ ನೋಡುವ ಪಂಡಿತರ ಸುಖ ಏನು ಅಂತ ಅವತ್ತು ಗೊತ್ತಾಯ್ತು.

ನಾನು ಬರೆದಿದ್ದೆ: ಭಾನುವಾರದ ಕೆಲಸವನ್ನು ಶುಕ್ರವಾರವೇ ಮುಗಿಸುವಂತೆ ಮ್ಯಾನೇಜರ್ ಫೋನಿನಲ್ಲಿ ತಿಳಿಸಿದರು. ತಿದ್ದಿದ ಮೇಲೆ ಅದು: ಬಿಡುಗಡೆಯ ವೇಳಾಪಟ್ಟಿಯನ್ನು ಪರಿಷ್ಕರಿಸಲಾಯಿತು. ನಾನು ಬರೆದಿದ್ದೆ: ಸ್ಟೇಜಿಂಗ್‌ನಲ್ಲಿ ಓಡಿಸಿ ನೋಡಲು ಕೇಳಿದಾಗ ಸಮಯ ಇಲ್ಲ ಎಂಬ ಉತ್ತರ ಬಂತು. ಆಮೇಲೆ: ಸ್ಟೇಜಿಂಗ್ ಪರೀಕ್ಷೆ ನಡೆದಿರಲಿಲ್ಲ. ಆದರೆ ನಾನು ಸ್ಕ್ರಿಪ್ಟ್ ಓಡಿಸಿದ ವಾಕ್ಯವನ್ನು ಅವರು ಅಳಿಸಲಿಲ್ಲ, ಬೆಳೆಸಿದರು. ಇಂಜಿನಿಯರ್, ಅನುಮೋದಿತ ಸಮಯದ ಹೊರಗೆ, ಸ್ಕ್ರಿಪ್ಟ್ ಓಡಿಸಿದರು. ಎಲ್ಲ ಇಂಗ್ಲಿಷಿನಲ್ಲಿ ಇತ್ತು ಅನ್ನಿ, ನಾನು ಕನ್ನಡಕ್ಕೆ ತಂದು ಹೇಳ್ತಿದ್ದೀನಿ.

ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು ಕರ್ತರಿ ಪ್ರಯೋಗ, ಕರ್ಮಣಿ ಪ್ರಯೋಗ ಅಂತ ಬೋರ್ಡಿನ ಮೇಲೆ ರಾಮನಿಂದ ರಾವಣನನ್ನು ಕೊಲ್ಲಿಸುತ್ತಿದ್ದರು. ಇದನ್ನೆಲ್ಲ ಜೀವನದಲ್ಲಿ ಎಲ್ಲಿ ಬಳಸ್ತೀವಿ ಅಂತ ಹಿಂದಿನ ಬೆಂಚಿನಲ್ಲಿ ನಗುತ್ತಿದ್ದೆ. ಇಲ್ಲೇ ಬಳಸ್ತೀವಿ. ಮ್ಯಾನೇಜರ್ ಮಾಡಿದ್ದೆಲ್ಲ ಕರ್ಮಣಿಗೆ ಹೋಯಿತು: ಪರಿಷ್ಕರಿಸಲಾಯಿತು, ನಿರ್ಧರಿಸಲಾಯಿತು, ಪರಿಗಣಿಸಲಾಗಿತ್ತು. ಅಲ್ಲಿ ಮನುಷ್ಯರೇ ಇಲ್ಲ, ವೇಳಾಪಟ್ಟಿ ತನ್ನಷ್ಟಕ್ಕೆ ಎದ್ದು ಹೋಗಿ ಶುಕ್ರವಾರದಲ್ಲಿ ಕೂತುಕೊಂಡಿತು. ಕರ್ತರಿಯಲ್ಲಿ ಉಳಿದದ್ದು ನಾನೊಬ್ಬ. ಇಡೀ ಎರಡು ಪುಟದಲ್ಲಿ ಕೈಕಾಲು ಇರುವ ಪ್ರಾಣಿ ನಾನೊಬ್ಬನೇ. ಓದಿದವರಿಗೆ ಸಿಟ್ಟು ಬಂದರೆ ಆ ಸಿಟ್ಟು ಎಲ್ಲಿ ಹೋಗಿ ಕೂರಬೇಕು ಹೇಳಿ?

ಸೋಮವಾರ ಅವರ ಕ್ಯಾಬಿನ್ನಿಗೆ ಹೋಗಿ ಕೇಳಿದೆ. ಅವರು ಕೆಟ್ಟವರೇನಲ್ಲ. ನನ್ನ ಮದುವೆಗೆ ಬೆಂಗಳೂರಿಂದ ನಾಲ್ಕು ಗಂಟೆ ಕಾರು ಓಡಿಸಿಕೊಂಡು ಊರಿಗೆ ಬಂದವರು, ನಮ್ಮಮ್ಮನ ಕೈಯಲ್ಲಿ ಮುದ್ದೆ ಬಡಿಸಿಕೊಂಡು ತಿಂದವರು. ಡಾಕ್ಯುಮೆಂಟನ್ನು ನನ್ನ ಕಡೆ ತಿರುಗಿಸಿ, "ಇದರಲ್ಲಿ ಸುಳ್ಳು ಎಲ್ಲಿದೆ ತೋರಿಸು" ಅಂದರು.

ತೋರಿಸೋಕೆ ಆಗಲಿಲ್ಲ. ಇದು ನನ್ನನ್ನು ಇವತ್ತಿಗೂ ಕಾಡೋದು. ವೇಳಾಪಟ್ಟಿ ಬದಲಾದದ್ದು ನಿಜ. ಸ್ಟೇಜಿಂಗ್ ನಡೆಯದ್ದೂ ನಿಜ. ಅನುಮೋದಿತ ಸಮಯದ ಹೊರಗೆ ಓಡಿಸಿದ್ದು ನಾನೇ, ಲಾಗ್ ಇದೆ, ನನ್ನ ಐಡಿ ಇದೆ, ಸೆಕೆಂಡಿನ ಸಮೇತ ಸಮಯ ಇದೆ. ಅವರ ಫೋನು ಯಾವ ಲಾಗಿನಲ್ಲೂ ಇಲ್ಲ. ಪ್ರತಿ ವಾಕ್ಯ ಸತ್ಯ, ಒಟ್ಟು ಕಥೆ ಸುಳ್ಳು. ಕೋತಿ ತಾನು ಮೊಸರು ತಿಂದು ಮೇಕೆ ಮೂತಿಗೆ ಒರೆಸಿತು ಅಂತಾರಲ್ಲ, ಆ ಗಾದೆಯಲ್ಲೂ ಹಾಗೇ. ಮೇಕೆ ಮೂತಿಯಲ್ಲಿ ಮೊಸರು ಇರೋದು ಸುಳ್ಳೇನಲ್ಲ.

ಆನ್‌ಸೈಟ್ ಬೇರೆಯವರಿಗೆ ಹೋಯ್ತು. ರೇಟಿಂಗ್ ಒಂದು ಮೆಟ್ಟಿಲು ಇಳಿಯಿತು. ಕೊನೆಗೆ 'ಮತ್ತೆ ಆಗದಂತೆ ಕೈಗೊಂಡ ಕ್ರಮ' ಅನ್ನುವ ಕಡೆ, ಸಂಬಂಧಪಟ್ಟ ಇಂಜಿನಿಯರಿಗೆ ತರಬೇತಿ ನೀಡಲಾಗುವುದು. ನಾಲ್ಕು ಗಂಟೆ ವಿಡಿಯೋ ನೋಡಿ ಕೊನೆಗೆ ಇಪ್ಪತ್ತು ಪ್ರಶ್ನೆಗೆ ಟಿಕ್ ಹಾಕಿದೆ. 19 ಮಾರ್ಕ್ಸ್ ಬಂತು.

ಹಬ್ಬಕ್ಕೆ ಊರಿಗೆ ಹೋದಾಗ ಅಪ್ಪ ಅಮೆರಿಕ ಏನಾಯ್ತು ಅಂದರು. ನಮ್ಮೂರು ಚನ್ನರಾಯಪಟ್ಟಣ ತಾಲೂಕು. ಅಪ್ಪನಿಗೆ ಡೇಟಾಬೇಸು, ಇಂಡೆಕ್ಸು ಹೇಳೋದು ಹೇಗೆ? ಮಧ್ಯಾಹ್ನ ಸಂತೆಯಲ್ಲಿ ಅಂಗಡಿ ಬಾಗಿಲು ಹಾಕಿಸಿದ ಹಾಗೆ ಆಯ್ತು ಅಂತ ಏನೋ ಹೇಳಿದೆ. ಎಲ್ಲ ಕೇಳಿಸಿಕೊಂಡು ಅಪ್ಪ ಒಂದೇ ಪ್ರಶ್ನೆ ಕೇಳಿದರು. "ಮಾಡ್ದೋನು ನೀನು, ಸರಿ. ಮಾಡ್ಸಿದ್ದು ಯಾರ್ಲಾ?"

ಎರಡು ಪುಟದ ಆರ್‌ಸಿಎಯಲ್ಲಿ ಈ ಪ್ರಶ್ನೆಗೆ ಜಾಗ ಇರಲಿಲ್ಲ. ಟೆಂಪ್ಲೇಟಿನಲ್ಲಿ 'ಎಕ್ಸಿಕ್ಯೂಟೆಡ್ ಬೈ' ಅಂತ ಒಂದು ಕಲಂ ಇದೆ. ಮಾಡಿಸಿದವರು ಅಂತ ಇಲ್ಲ.

ನಮ್ಮ ಮಾತಿನಲ್ಲಿ ಒಂದು 'ಇಸು' ಸೇರಿಸಿದರೆ ಸಾಕು, ಹಿಂದೆ ಇರುವ ಮನುಷ್ಯ ಮುಂದೆ ಬಂದು ನಿಲ್ಲುತ್ತಾನೆ. ಮಾಡಿದ, ಮಾಡಿಸಿದ. ಕಡಿದ, ಕಡಿಸಿದ. ಬರೆದ, ಬರೆಸಿದ. ಊರಲ್ಲಿ ಈ ಪ್ರಶ್ನೆ ಅತಿಯೂ ಆಗುತ್ತದೆ. ಎಮ್ಮೆ ಹಾಲು ಕೊಡದಿದ್ದರೂ ಯಾರೋ ಮಾಡ್ಸಿದಾರೆ ಅನ್ನುತ್ತಾರೆ, ನಿಂಬೆಹಣ್ಣು ಮಂತ್ರಿಸೋಕೆ ಹೋಗುತ್ತಾರೆ. ಆದರೂ ಮಾಡಿದವನನ್ನು ಹಿಡಿದ ಮೇಲೆ ವಿಚಾರಣೆ ಮುಗಿಯಿತು ಅಂತ ನಮ್ಮಲ್ಲಿ ಯಾರೂ ಅಂದುಕೊಳ್ಳೋದಿಲ್ಲ.

ಅಪ್ಪ ಅವತ್ತು ನೀರುಗಂಟಿಯ ಕಥೆ ಹೇಳಿದರು. ಅವರು ಹುಡುಗರಾಗಿದ್ದಾಗ ನಡೆದದ್ದು. ನೀರುಗಂಟಿ ಅಂದರೆ ಕೆರೆಯ ತೂಬು ಎತ್ತಿ, ಇಳಿಸಿ, ಗದ್ದೆಗಳಿಗೆ ನೀರು ಹಂಚುವವನು. ಊರಿನ ದೊಡ್ಡ ಕುಳ ಒಬ್ಬರು ತಮ್ಮ ಗದ್ದೆಗೆ ನೀರು ಸಾಲದು ಅಂತ ರಾತ್ರಿ ತೂಬು ಎತ್ತೋಕೆ ಹೇಳಿದರು. ಬೆಳಗ್ಗೆ ನೋಡಿದರೆ ಕೆಳಗಿನ ಗದ್ದೆಗಳಲ್ಲಿ ಕೊಯ್ಲಿಗೆ ಬಂದಿದ್ದ ಭತ್ತವೆಲ್ಲ ನೀರಲ್ಲಿ ಮಲಗಿತ್ತು. ಅರಳಿಕಟ್ಟೆಯಲ್ಲಿ ಪಂಚಾಯ್ತಿ. ತೂಬು ಎತ್ತಿದ್ದು ಯಾರು ಅಂತ ಯಾರೂ ಕೇಳಲಿಲ್ಲವಂತೆ, ಅದು ಕೇಳುವ ಪ್ರಶ್ನೆಯೇ ಅಲ್ಲ. ಕೇಳಿದ್ದು ಎತ್ತಿಸಿದ್ದು ಯಾರು ಅಂತ. ನೀರುಗಂಟಿ ಬಾಯಿ ಬಿಡಲಿಲ್ಲ. ಬಿಡೋದು ಬೇಕಿರಲಿಲ್ಲ, ಎಲ್ಲರ ಕಣ್ಣೂ ಒಂದೇ ಕಡೆ ತಿರುಗಿತ್ತು.

ಹಾಗಂತ ನಮ್ಮ ಊರಿನ ನ್ಯಾಯ ದೊಡ್ಡದು, ಐಟಿ ನ್ಯಾಯ ಸಣ್ಣದು ಅಂತ ನಾನು ಹೇಳಲ್ಲ. ಕೊನೆಗೆ ಒಂದು ಪಲ್ಲ ರಾಗಿ ದಂಡ ಬಿದ್ದದ್ದು ನೀರುಗಂಟಿಗೇ. ಗೊತ್ತಿದ್ದೂ ಅವನಿಗೇ ಹಾಕಿದರು. ಹಳ್ಳಿಯ ಬಗ್ಗೆ ಕಣ್ಣೀರು ಹಾಕುತ್ತಾ ಬರೆಯುವವರು ಇಂಥ ಕಡೆ ಕಥೆ ನಿಲ್ಲಿಸಿಬಿಡುತ್ತಾರೆ, ನಾನು ನಿಲ್ಲಿಸಲ್ಲ. ಎಲ್ಲರಿಗೂ ಗೊತ್ತಿತ್ತು ಅನ್ನೋದರಿಂದ ಅವನ ಹೊಟ್ಟೆ ತುಂಬಲಿಲ್ಲ. ಆದರೆ ಐವತ್ತು ವರ್ಷ ಆದಮೇಲೂ ಅಪ್ಪ ಆ ಕಥೆ ಹೇಳುವಾಗ ದೊಡ್ಡ ಕುಳದ ಹೆಸರು ಹಿಡಿದೇ ಹೇಳಿದರು. ನಮ್ಮ ಆರ್‌ಸಿಎಯನ್ನು ಐವತ್ತು ವರ್ಷ ಬಿಟ್ಟು ಯಾರಾದರೂ ತೆಗೆದು ಓದಿದರೆ ನನ್ನ ಐಡಿ ಮಾತ್ರ ಸಿಗುತ್ತದೆ.

ನಮ್ಮೂರಿಂದ ಶ್ರವಣಬೆಳಗೊಳ ದೂರವಲ್ಲ. ಹೈಸ್ಕೂಲಿನಲ್ಲಿ ಟೂರ್ ಅಂದರೆ ಅದೇ. ಗೊಮ್ಮಟನ ಕಾಲಿನ ಬಳಿ ಶಾಸನ ಇದೆ. ಗಂಗರ ಮಂತ್ರಿ ಚಾವುಂಡರಾಯ 'ಮಾಡಿಸಿದಂ' ಅಂತ ಕನ್ನಡದಲ್ಲಿ ಕೆತ್ತಿದ್ದಾರೆ. ಸಾವಿರ ವರ್ಷದ ಹಿಂದೆ ಆ 58 ಅಡಿ ಬಂಡೆಯ ಮೇಲೆ ಉಳಿ ಇಟ್ಟವರು ಯಾರು ಅಂತ ಆ ಸಾಲು ಹೇಳೋದಿಲ್ಲ. ಅವತ್ತು ಮೇಷ್ಟ್ರು ಶಾಸನ ಓದಿ ಹೇಳಿದಾಗ ಏನೂ ಅನ್ನಿಸಿರಲಿಲ್ಲ. ಈಗ ಅನ್ನಿಸುತ್ತದೆ. ಒಳ್ಳೆಯದಾದರೆ 'ಮಾಡಿಸಿದಂ', ಕೆಟ್ಟರೆ ಮಾತ್ರ ಮಾಡಿದವನು. ಪ್ರಾಜೆಕ್ಟ್ ಗೆದ್ದಾಗ ಬರುವ ಅಭಿನಂದನೆ ಮೇಲ್ ತೆಗೆದು ನೋಡಿ, ಯಾರ 'ನಾಯಕತ್ವದಲ್ಲಿ' ಅಂತ ಮೊದಲ ಸಾಲಿನಲ್ಲೇ ಇರುತ್ತದೆ. ಅದೇ ಜನ, ಅದೇ ಕಂಪನಿ, ಆರ್‌ಸಿಎ ಬರೆಯುವಾಗ ಮಾತ್ರ ವ್ಯಾಕರಣ ಬೇರೆ.

ಈಗ ದೊಡ್ಡವರ ಕೃತಿಗಳಿಗೆ ಬರೋಣ. 2017ರಲ್ಲಿ ಅಮೆರಿಕದ ಈಕ್ವಿಫ್ಯಾಕ್ಸ್ ಕಂಪನಿಯಿಂದ 14 ಕೋಟಿಗೂ ಹೆಚ್ಚು ಜನರ ಖಾಸಗಿ ಮಾಹಿತಿ ಕಳುವಾಯ್ತು. ಅಪಾಚೆ ಸ್ಟ್ರಟ್ಸ್ ಅನ್ನುವ ಸಾಫ್ಟ್‌ವೇರಿನಲ್ಲಿ ತೂತು ಇದೆ, ಮುಚ್ಚಿ ಅಂತ ಮಾರ್ಚಿನಲ್ಲೇ ಎಚ್ಚರಿಕೆ ಬಂದಿತ್ತು, ಮುಚ್ಚಲಿಲ್ಲ, ಮೇ ತಿಂಗಳಲ್ಲಿ ಕಳ್ಳರು ನುಗ್ಗಿದರು. ಅಕ್ಟೋಬರಿನಲ್ಲಿ, ಅಷ್ಟು ಹೊತ್ತಿಗೆ ಕೆಲಸ ಬಿಟ್ಟಿದ್ದ ಸಿಇಒ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಬಂದರು. ಕ್ಷಮೆ ಕೇಳಿದರು, ಹೊಣೆ ನನ್ನದು ಅಂದರು. ಹೇಗಾಯ್ತು ಅಂತ ಕೇಳಿದಾಗ, ಆ ಎಚ್ಚರಿಕೆಯನ್ನು ಸರಿಯಾದ ಜನಕ್ಕೆ ದಾಟಿಸಬೇಕಿದ್ದ ಒಬ್ಬ ವ್ಯಕ್ತಿ ದಾಟಿಸಲಿಲ್ಲ, ಆಮೇಲೆ ಸ್ಕ್ಯಾನರ್ ಕೂಡ ಹಿಡಿಯಲಿಲ್ಲ ಅಂದರು. ಅಷ್ಟು ದೊಡ್ಡ ಕಂಪನಿ, ಒಬ್ಬ ಮನುಷ್ಯ, ಒಂದು ಯಂತ್ರ. ನನ್ನ ಎರಡು ಪುಟದ ಆರ್‌ಸಿಎಗೂ ಇದಕ್ಕೂ ಶೈಲಿಯಲ್ಲಿ ವ್ಯತ್ಯಾಸವೇ ಇಲ್ಲ.

ಆ ಸಾಕ್ಷ್ಯದ ಹಿಂದಿನ ದಿನ ಗ್ರೇಮ್ ಪೇನ್ ಅನ್ನುವ ಹಿರಿಯ ಅಧಿಕಾರಿಯನ್ನು ಕೆಲಸದಿಂದ ತೆಗೆದಿದ್ದರು. ಕಾರಣ, ಒಂದು ಇಮೇಲ್ ಫಾರ್ವರ್ಡ್ ಮಾಡಲಿಲ್ಲ. ಸಂಸದೀಯ ಸಮಿತಿಯ ವರದಿ 2018ರ ಡಿಸೆಂಬರಿನಲ್ಲಿ ಬಂತು, ಇಂಟರ್ನೆಟ್ಟಿನಲ್ಲಿ ಸಿಗುತ್ತದೆ, ಪುರುಸೊತ್ತಿದ್ದರೆ ಓದಿ. ಆ ಇಮೇಲ್ ಹೋಗಿದ್ದು 400ಕ್ಕೂ ಹೆಚ್ಚು ಜನಕ್ಕೆ. ಬರುವ ಪ್ರತಿಯೊಂದು ಎಚ್ಚರಿಕೆಯನ್ನೂ ಮೂರು ನಾಲ್ಕು ಹಂತ ಕೆಳಗಿನವರಿಗೆ ದಾಟಿಸೋದು ತನ್ನ ಮಟ್ಟದ ಅಧಿಕಾರಿಯ ಕೆಲಸ ಅನ್ನೋದೇ ಒಪ್ಪುವ ಮಾತಲ್ಲ ಅಂತ ಆತ ಸಮಿತಿಗೆ ಹೇಳಿದ. ಭದ್ರತೆಯ ಮುಖ್ಯಸ್ಥರು ಐಟಿ ಮುಖ್ಯಸ್ಥರ ಕೆಳಗಿರದೆ ಕಾನೂನು ವಿಭಾಗದ ಮುಖ್ಯಸ್ಥರಿಗೆ ವರದಿ ಮಾಡುತ್ತಿದ್ದರು, ಆ ಎರಡು ಮನೆಗಳ ನಡುವೆ ಯಾರ ಕೆಲಸ ಯಾರದು ಅನ್ನೋದೇ ಸ್ಪಷ್ಟ ಇರಲಿಲ್ಲ. ಕಳ್ಳರ ಓಡಾಟವನ್ನು ಹಿಡಿಯಬೇಕಿದ್ದ ಉಪಕರಣದ ಸರ್ಟಿಫಿಕೇಟಿನ ಅವಧಿ ತಿಂಗಳುಗಟ್ಟಲೆ ಹಿಂದೆಯೇ ಮುಗಿದಿತ್ತು, ಯಾರೂ ನವೀಕರಿಸಿರಲಿಲ್ಲ. ಕಳವನ್ನು ಪೂರ್ತಿ ತಪ್ಪಿಸಬಹುದಿತ್ತು ಅಂತ ವರದಿ ಹೇಳುತ್ತದೆ. ಇದೆಲ್ಲ ಹೊರಗೆ ಬಂದದ್ದು ಕೆಲಸದಿಂದ ತೆಗೆದ ಮನುಷ್ಯನನ್ನು ಹೊರಗಿನವರು ಕೂರಿಸಿ ಕೇಳಿದ್ದಕ್ಕೆ. ಕಂಪನಿಯೇ ಬರೆದುಕೊಂಡಿದ್ದರೆ ಕಥೆ ಆ ಒಂದು ಇಮೇಲಿನಲ್ಲೇ ಮುಗಿಯುತ್ತಿತ್ತು.

ಇದಕ್ಕೆ ಮದ್ದು ಅಂತ ನಮ್ಮ ವೃತ್ತಿಯಲ್ಲಿ ಬಂದದ್ದು 'ಬ್ಲೇಮ್‌ಲೆಸ್ ಪೋಸ್ಟ್‌ಮಾರ್ಟಮ್'. ಎಟ್ಸಿ ಕಂಪನಿಯ ಜಾನ್ ಆಲ್‌ಸ್ಪಾ 2012ರಲ್ಲಿ ಇದರ ಬಗ್ಗೆ ಬರೆದ ಮೇಲೆ ಎಲ್ಲರ ಬಾಯಲ್ಲೂ ಇದೇ. ಯಾರನ್ನೂ ದೂರಬೇಡಿ, ಶಿಕ್ಷೆಯ ಭಯ ಇದ್ದರೆ ಜನ ನಿಜ ಹೇಳಲ್ಲ. ಒಪ್ಪಿದೆ. ಈ ಪ್ರಕಾರದಲ್ಲಿ ನಾನು ಓದಿದ ಅತ್ಯುತ್ತಮ ಕೃತಿ ಗಿಟ್‌ಲ್ಯಾಬ್ ಕಂಪನಿಯದು. 2017ರ ಜನವರಿ 31ರ ರಾತ್ರಿ ಅಲ್ಲಿನ ಇಂಜಿನಿಯರ್ ಒಬ್ಬ ಸುಸ್ತಾಗಿದ್ದ ಹೊತ್ತಿನಲ್ಲಿ, ಅಳಿಸಬೇಕಿದ್ದ ಸರ್ವರ್ ಬಿಟ್ಟು ಮುಖ್ಯ ಸರ್ವರಿನ ಡೇಟಾ ಅಳಿಸಲು ಶುರುಮಾಡಿದ. ಗೊತ್ತಾಗಿ ನಿಲ್ಲಿಸುವಷ್ಟರಲ್ಲಿ 300 ಜಿಬಿ ಇದ್ದದ್ದು 4.5 ಜಿಬಿಗೆ ಬಂದಿತ್ತು. ಐದು ಬಗೆಯ ಬ್ಯಾಕಪ್ ಇದ್ದವು, ಯಾವುದೂ ನೆಟ್ಟಗೆ ಕೆಲಸ ಮಾಡಲಿಲ್ಲ. ಅದೃಷ್ಟಕ್ಕೆ ಸಿಕ್ಕಿದ ಆರು ಗಂಟೆ ಹಳೆಯ ಪ್ರತಿಯಿಂದ ಎಲ್ಲ ವಾಪಸ್ ತಂದರು, ಅದನ್ನೂ ಯೂಟ್ಯೂಬಿನಲ್ಲಿ ನೇರಪ್ರಸಾರ ಮಾಡಿದರು. ಅವರ ವರದಿಯಲ್ಲಿ ಅವನ ಹೆಸರಿಲ್ಲ, 'ಟೀಮ್-ಮೆಂಬರ್-1' ಅಂತಷ್ಟೇ ಇದೆ. ಅಲ್ಲಿ 'ಯಾಕೆ' ಅನ್ನುವ ಪ್ರಶ್ನೆ ಅವನ ಬೆರಳಿನ ಹತ್ತಿರ ನಿಲ್ಲಲಿಲ್ಲ. ಬ್ಯಾಕಪ್ ಯಾಕೆ ಇರಲಿಲ್ಲ, ಅದನ್ನು ಯಾಕೆ ಆಗಾಗ ಪರೀಕ್ಷೆ ಮಾಡುತ್ತಿರಲಿಲ್ಲ ಅಂತ ಹೋಗಿ, ಅದಕ್ಕೆ ವಾರಸುದಾರರೇ ಇರಲಿಲ್ಲ ಅನ್ನುವ ತನಕ ಹೋಯಿತು.

ಯಾಕೆ, ಯಾಕೆ ಅಂತ ಐದು ಸಲ ಕೇಳುವ ಪದ್ಧತಿ ಟೊಯೊಟಾದವರದು. ತಾಯಿಚಿ ಓನೋ ಕೊಟ್ಟ ಉದಾಹರಣೆ ಪ್ರಸಿದ್ಧ. ಯಂತ್ರ ನಿಂತಿತು, ಫ್ಯೂಸ್ ಹೋಗಿದೆ. ಬೇರಿಂಗಿಗೆ ಎಣ್ಣೆ ಸಾಲದೆ ಹೋಗಿದೆ. ಪಂಪು ಎಣ್ಣೆ ಎಳೆಯುತ್ತಿಲ್ಲ. ಅದರ ಶಾಫ್ಟ್ ಸವೆದಿದೆ. ಜಾಲರಿ ಹಾಕಿಲ್ಲದ್ದರಿಂದ ಲೋಹದ ಪುಡಿ ಒಳಗೆ ಹೋಗಿದೆ. ಆ ಇಡೀ ಸರಣಿಯಲ್ಲಿ ಯಂತ್ರ ಓಡಿಸುತ್ತಿದ್ದ ಕೆಲಸಗಾರ ಎಲ್ಲೂ ಬರೋದೇ ಇಲ್ಲ. ನನ್ನ ಆರ್‌ಸಿಎಯಲ್ಲೂ ಫೈವ್ ವೈಸ್ ಕಲಂ ಇತ್ತು. ಆರ್ಡರ್ ಯಾಕೆ ನಿಂತಿತು, ಟೇಬಲ್ಲಿಗೆ ಬೀಗ ಬಿತ್ತು. ಯಾಕೆ ಬಿತ್ತು, ಸ್ಕ್ರಿಪ್ಟ್ ಓಡಿತು. ಆ ಹೊತ್ತಲ್ಲಿ ಯಾಕೆ ಓಡಿತು, ಇಂಜಿನಿಯರ್ ಓಡಿಸಿದರು. ಮೂಲಕಾರಣ, ಮಾನವ ದೋಷ. ಮೂರಕ್ಕೇ ಮುಗಿಯಿತು. ನಾಲ್ಕನೇ 'ಯಾಕೆ' ಕೇಳಿದ್ದರೆ ಉತ್ತರ ಕ್ಯಾಬಿನ್ನಿನಲ್ಲಿ ಕೂತಿತ್ತು.

ಆದರೆ ಬ್ಲೇಮ್‌ಲೆಸ್ ಬಗ್ಗೆ ನನ್ನದೊಂದು ತಕರಾರಿದೆ. ಗಿಟ್‌ಲ್ಯಾಬಿನವರು ಪ್ರಾಮಾಣಿಕರು, ಅವರ ಕೈಯಲ್ಲಿ ಅದು ಕೆಳಗಿನವನನ್ನು ಕಾಪಾಡಿತು. ನಾನು ಆಮೇಲೆ ಸೇರಿದ ಕಂಪನಿಯಲ್ಲಿ ಅದೇ ಪದ್ಧತಿ ಮೇಲಿನವರನ್ನು ಕಾಪಾಡೋದನ್ನು ನೋಡಿದೆ. ಯಾರ ಹೆಸರೂ ಬೇಡ ಅಂದ ತಕ್ಷಣ ಯಾರ ನಿರ್ಧಾರವೂ ಬೇಡ ಅಂತಾಗುತ್ತದೆ. ಕಮ್ಯಾಂಡ್ ಹೊಡೆದವನು ಹೆಸರಿಲ್ಲದೆಯೂ ಎಲ್ಲರಿಗೂ ಗೊತ್ತಾಗುತ್ತಾನೆ, ಅವತ್ತು ರಾತ್ರಿ ಕರೆಯಲ್ಲಿ ಇದ್ದವರೆಲ್ಲ ನೋಡಿರುತ್ತಾರೆ. ಹೇಳಿಕೊಟ್ಟವರು ಯಾರಿಗೂ ಕಾಣೋದಿಲ್ಲ. ಹೆಸರು ಬೇಡ, ಸರಿ. ಆದರೆ ಡೆಮೋಗೋಸ್ಕರ ದಿನ ಬದಲಾಯಿಸುವ ನಿರ್ಧಾರವನ್ನು ಒಬ್ಬ ಮನುಷ್ಯ ಫೋನಿನಲ್ಲಿ ತಗೊಂಡ ಅನ್ನೋದು ಬೇಕಲ್ಲ? ಅದಿಲ್ಲದಿದ್ದರೆ ಮುಂದಿನ ಡೆಮೋಗೂ ಅದೇ ಆಗುತ್ತದೆ. ನಮ್ಮಲ್ಲಿ ಆಯಿತು ಕೂಡ, ಎಂಟೇ ತಿಂಗಳಿಗೆ. ಆ ಸಲ ತರಬೇತಿಯ ವಿಡಿಯೋ ನೋಡಿದವನು ಬೇರೆ ಹುಡುಗ.

ಇದನ್ನೆಲ್ಲ ಕನ್ನಡದಲ್ಲಿ ಯಾರೂ ಬರೆದಿಲ್ಲ ಅನ್ನಬೇಡಿ. ತೇಜಸ್ವಿಯವರ 'ತಬರನ ಕಥೆ' ಇದೆ. ಗಿರೀಶ್ ಕಾಸರವಳ್ಳಿ ಅದನ್ನು ಸಿನಿಮಾ ಮಾಡಿ, ತಬರನ ಪಾತ್ರಕ್ಕೆ ಚಾರುಹಾಸನ್ ರಾಷ್ಟ್ರಪ್ರಶಸ್ತಿ ಪಡೆದರು. ನಾನು ನೋಡಿದ್ದು ಬಿಇ ಮಾಡುವಾಗ, ಹಾಸ್ಟೆಲಿನಲ್ಲಿ, ಯಾರದೋ ಲ್ಯಾಪ್‌ಟಾಪಿನಲ್ಲಿ. ಕಾಫಿ ಬೆಳೆಗಾರರ ತೆರಿಗೆ ವಸೂಲಿಗೆ ಹೋಗಿ ಲೆಕ್ಕದ ಗೋಜಲಿನಲ್ಲಿ ಸಿಕ್ಕಿಬಿದ್ದ ಸಣ್ಣ ನೌಕರ. ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ, ಅತ್ತ ಹೆಂಡತಿಯ ಕಾಲು ಕೊಳೆಯುತ್ತಿರುತ್ತದೆ. ಅವತ್ತು ನಾವೆಲ್ಲ ಸರ್ಕಾರಿ ಆಫೀಸಿನವರನ್ನು ಬೈದು ಮಲಗಿದೆವು. ನಾವು ಕಂಪ್ಯೂಟರಿನವರು, ನಮ್ಮ ಲೋಕ ಬೇರೆ ಅಂತ. 2016ರ ಆ ಸೋಮವಾರದ ನಂತರ ಇನ್ನೊಂದು ಸಲ ನೋಡಿದೆ. ಅಲ್ಲಿ ಒಬ್ಬೊಬ್ಬ ಗುಮಾಸ್ತ ಹೇಳುವ ನಿಯಮವನ್ನೂ ಬಿಡಿಯಾಗಿ ತಗೊಂಡರೆ ಸುಳ್ಳು ಅನ್ನೋಕಾಗಲ್ಲ. ನಿಮ್ಮ ಕಡತದಲ್ಲಿ ಇಂಥ ಬಾಕಿ ಇದೆ. ಇದೆ, ನಿಜ. ತಬರನಿಗೂ ಸುಳ್ಳು ಎಲ್ಲಿದೆ ಅಂತ ತೋರಿಸೋಕೆ ಬರಲಿಲ್ಲ.

ವಿಚಿತ್ರ ಅಂದರೆ, ನಾವು ನಗುವ ಅದೇ ಸರ್ಕಾರಿ ಆಫೀಸಿನಲ್ಲಿ ಈ ರೋಗಕ್ಕೆ ಒಂದು ಮದ್ದಿದೆ. ಅಖಿಲ ಭಾರತ ಸೇವೆಗಳ 1968ರ ನಡತೆ ನಿಯಮಗಳ ಪ್ರಕಾರ, ಮೇಲಧಿಕಾರಿ ಬಾಯಿಮಾತಿನಲ್ಲಿ ಆದೇಶ ಕೊಟ್ಟರೆ ಆದಷ್ಟು ಬೇಗ ಲಿಖಿತವಾಗಿ ಖಚಿತಪಡಿಸಬೇಕು, ಕೆಳಗಿನವನೂ ಅದನ್ನು ಕೇಳಿ ಪಡೆಯಬೇಕು. ಟಿ.ಎಸ್.ಆರ್. ಸುಬ್ರಮಣಿಯನ್ ಮತ್ತಿತರ ನಿವೃತ್ತ ಅಧಿಕಾರಿಗಳು ಹಾಕಿದ ಅರ್ಜಿಯಲ್ಲಿ ಸುಪ್ರೀಂ ಕೋರ್ಟ್ 2013ರ ಅಕ್ಟೋಬರಿನಲ್ಲಿ ಇದನ್ನೇ ಒತ್ತಿ ಹೇಳಿತು. ಮೌಖಿಕ ಸೂಚನೆಗಳ ಮೇಲೆ ಅಧಿಕಾರಿಗಳು ನಡೆಯಬಾರದು, ದಾಖಲೆ ಆಗಬೇಕು. ಎಷ್ಟು ಪಾಲನೆ ಆಗ್ತಿದೆ ಅನ್ನೋದು ಬೇರೆ ಮಾತು. ನನ್ನ ಚಿಕ್ಕಪ್ಪ ಒಬ್ಬರು ಪಂಚಾಯ್ತಿ ಆಫೀಸಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಅವರಿಗೆ ಕೋರ್ಟಿನ ತೀರ್ಪು ಗೊತ್ತಿಲ್ಲ, ಆದರೆ ಟಿಪ್ಪಣಿ ಹಾಳೆ ಗೊತ್ತು. ಸಾಹೇಬರು ಫೋನಿನಲ್ಲಿ ಏನು ಹೇಳಿದರೂ ಸಂಜೆ ಬಾಗಿಲು ಹಾಕುವ ಮುಂಚೆ ಕಡತದಲ್ಲಿ ಒಂದು ಸಾಲು: ಮಾನ್ಯರ ಮೌಖಿಕ ಸೂಚನೆಯ ಮೇರೆಗೆ. ಚಿಕ್ಕಂದಿನಲ್ಲಿ ಅವರ ಈ ಭಾಷೆ ಅಣಕಿಸಿ ನಗುತ್ತಿದ್ದೆವು. ಮಾಡಿಸಿದವರಿಗೆ ಜಾಗ ಇರುವ ವಾಕ್ಯ ಅದು. ನಮ್ಮ ಟೆಂಪ್ಲೇಟಿನಲ್ಲಿ ಅಂಥದ್ದೊಂದು ಇಲ್ಲ.

ಇಷ್ಟು ಬರೆಯುವಾಗ ನಾನು ಮೇಕೆಯ ಕಡೆಯವನು ಅನ್ನುವ ಧೈರ್ಯದಲ್ಲಿ ಬರೆದೆ. ಕಳೆದ ತಿಂಗಳು ಆದದ್ದನ್ನು ಹೇಳದಿದ್ದರೆ ಮೋಸ ಆಗುತ್ತದೆ.

ಈಗ ನಾನೇ ಲೀಡ್. ಆರು ಜನರ ಟೀಮು. ಒಂದು ಬುಧವಾರ ಮಧ್ಯಾಹ್ನ, ಮಗಳ ಸ್ಕೂಲ್ ಮೀಟಿಂಗಿಗೆ ಹೊರಟಿದ್ದೆ. ಟೀಮಿನ ಹುಡುಗಿ ಒಬ್ಬಳು, ಕೆಲಸಕ್ಕೆ ಸೇರಿ ಎರಡು ವರ್ಷ, ರಾಯಚೂರು ಕಡೆಯವಳು, ಲಿಫ್ಟಿನ ಹತ್ತಿರ ಬಂದು ಆ ಕಾನ್ಫಿಗ್ ಬದಲಾವಣೆಗೆ ಇನ್ನೊಬ್ಬರ ಅಪ್ರೂವಲ್ ಬಂದಿಲ್ಲ ಸರ್, ನಾಳೆ ಹಾಕ್ಲಾ ಅಂದಳು. ನಾನು ಹೇಳಿದ ಮಾತು ನನಗೆ ಅಕ್ಷರಶಃ ನೆನಪಿದೆ. "ಎರಡು ನಿಮಿಷದ ಕೆಲಸ, ಹಾಕ್ಬಿಡಮ್ಮ." ಲಿಫ್ಟ್ ಬಾಗಿಲು ಮುಚ್ಚಿತು. ಅರ್ಧ ಗಂಟೆಯಲ್ಲಿ ಬಳಕೆದಾರರಿಗೆ ಲಾಗಿನ್ ಆಗದೆ ಫೋನು ಹೊಡೆದುಕೊಳ್ಳೋಕೆ ಶುರುವಾಯ್ತು.

ಶುಕ್ರವಾರ ಅವಳ ಕರಡು ರಿವ್ಯೂಗೆ ಬಂತು. ಓದುತ್ತಾ ಹೋದೆ. ನಾನು ಎಲ್ಲೂ ಇರಲಿಲ್ಲ. ಅಳಿಸೋಕೆ ಏನೂ ಉಳಿದಿರಲಿಲ್ಲ, ಅವಳೇ ಎಲ್ಲ ಮುಗಿಸಿದ್ದಳು. ಎರಡನೇ ಅಪ್ರೂವಲ್ ಇಲ್ಲದೆ ಮುಂದುವರಿಯಲು ನಿರ್ಧರಿಸಲಾಯಿತು. ಇಂಜಿನಿಯರ್ ಬದಲಾವಣೆಯನ್ನು ಹಾಕಿದರು. ಎರಡೇ ವರ್ಷದಲ್ಲಿ ಅವಳು ವ್ಯಾಕರಣ ಕಲಿತುಬಿಟ್ಟಿದ್ದಳು. ನನಗೆ ಮೊದಲು ಆದದ್ದು ಏನು ಗೊತ್ತಾ, ಸಮಾಧಾನ. ನಾಚಿಕೆ ಆಮೇಲೆ ಬಂತು, ಒಂದೈದು ನಿಮಿಷ ಬಿಟ್ಟು. ಆ ಐದು ನಿಮಿಷದಲ್ಲಿ ಅಪ್ರೂವ್ ಬಟನ್ ಒತ್ತಿದ್ದರೆ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ.

ಅವಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸಾಲು ಸೇರಿಸಿದೆ. ಚಿಕ್ಕಪ್ಪನ ವಾಕ್ಯವನ್ನೇ ಇಂಗ್ಲಿಷಿಗೆ ಇಳಿಸಿದೆ: ಲೀಡ್‌ನ ಮೌಖಿಕ ಸೂಚನೆಯ ಮೇರೆಗೆ.

"ಸರ್, ಇದು ಬ್ಯಾಡ್ರಿ," ಅಂದಳು. "ನಾನೇ ಹಾಕೇನಲ್ರಿ, ನನ್ ಮ್ಯಾಲೇ ಇರ್ಲಿ ಬಿಡ್ರಿ."

"ಹಾಕಿದ್ದು ನೀನು. ಹಾಕಿಸಿದ್ದು ನಾನು," ಅಂದೆ. ಅವಳು ನಗಲಿಲ್ಲ. ಈ ಸಾಲಿನಿಂದ ಮುಂದೆ ತನಗೇ ಏನಾದರೂ ತೊಂದರೆ ಬರುತ್ತದೇನೋ ಅಂತ ಅವಳಿಗೆ ದಿಗಿಲು. ಆ ದಿಗಿಲು ಸುಳ್ಳು ಅಂತ ಹೇಳೋಕೆ ನನ್ನ ಹತ್ತಿರ ಆಧಾರ ಇರಲಿಲ್ಲ.

ಡಾಕ್ಯುಮೆಂಟ್ ಮೇಲೆ ಹೋಯಿತು. ಸೋಮವಾರ ಸಂಜೆ ನನ್ನ ಮ್ಯಾನೇಜರಿನ ಕಮೆಂಟ್ ಬಂತು, ಸರಿಯಾಗಿ ಆ ಸಾಲಿನ ಪಕ್ಕದಲ್ಲಿ: ಇದು ಬೇಕಾ? ನಮ್ಮದು ಬ್ಲೇಮ್‌ಲೆಸ್ ಪದ್ಧತಿ ಅಲ್ವಾ? ನಾನು ಬೇಕು ಅಂತ ಉತ್ತರ ಬರೆದೆ. ಅವರು ಆಮೇಲೆ ಏನೂ ಬರೆದಿಲ್ಲ, ರಿಸಾಲ್ವ್ ಬಟನ್ನೂ ಒತ್ತಿಲ್ಲ. ಮುಂದಿನ ತಿಂಗಳು ನನ್ನ ಅಪ್ರೈಸಲ್. ಇವತ್ತು ಬೆಳಗ್ಗೆ ತೆಗೆದು ನೋಡಿದೆ, ಕಮೆಂಟ್ ಇನ್ನೂ ಹಾಗೇ ಇದೆ.